ನರೆಯೋ ನೆರೆಯೋ? ಹಚ್ಚುವುದೋ ಹಾಕುವುದೋ?

ಎಲ್ಲರಿಗೂ ನಮಸ್ಕಾರ.

ನನ್ನ ನಾದಿನಿಯ ಮಗಳು ತ್ಯಾಗರಾಜನಗರದ ತನ್ನ ಮನೆಯಲ್ಲೇ ತಲೆಗೆ ಹಚ್ಚುವ ಪುಡಿ ಮಾಡಿ ಮಾರುತ್ತಾಳೆ. ಒಂದು ಪೊಟ್ಟಣ ಗೋರಂಟಿ ಪುಡಿ, ಇನ್ನೊಂದು ನೀಲಿ ಸೊಪ್ಪಿನ ಪುಡಿ. ಹೇಗೆ ಕಲಸಬೇಕು, ಎಷ್ಟು ಹೊತ್ತು ಇಟ್ಟುಕೊಳ್ಳಬೇಕು ಅಂತ ಜೊತೆಗೊಂದು ಚೀಟಿ. ಇಷ್ಟು ದಿನ ಆ ಚೀಟಿ ಇಂಗ್ಲಿಷಿನಲ್ಲಿತ್ತು. ಅರ್ಧ ಜನ ಅದನ್ನು ಓದುವುದೇ ಇಲ್ಲ, ಸೀದಾ ಫೋನ್ ಮಾಡಿ ಕೇಳುತ್ತಾರೆ. ಅದಕ್ಕೇ ಈಗ ಕನ್ನಡದಲ್ಲಿ ಅಚ್ಚು ಹಾಕಿಸಲು ಹೊರಟಿದ್ದಾಳೆ. ಕರಡು ತಿದ್ದುವ ಕೆಲಸ ನನ್ನ ತಲೆಗೆ ಬಂತು. ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದಳು: "ನೆರೆಗೆ ಮನೆಯಲ್ಲೇ ಪರಿಹಾರ."

ಓದಿ ನಗು ತಡೆಯಲಾಗಲಿಲ್ಲ. ಮಳೆಗಾಲದ ಪೇಪರಿನಲ್ಲಿ ದಿನಾ ಬರುವ ಮಾತು ಅದು. ಹೊಳೆ ಉಕ್ಕಿ ಮನೆ ಮುಳುಗಿದವರಿಗೆ ಸರ್ಕಾರ ಕೊಡುವುದು ನೆರೆ ಪರಿಹಾರ. "ಏನೇ ಇದು, ತಹಶೀಲ್ದಾರ್ ಕೆಲಸ ಶುರು ಮಾಡಿದ್ಯಾ?" ಅಂದೆ. ಅವಳಿಗೆ ಅರ್ಥವಾಗಲಿಲ್ಲ. "ಬಿಳಿ ಕೂದ್ಲಿಗೆ ನೆರೆ ಅಂತಾನೇ ಅಲ್ವಾ ಅತ್ತೆ?" ಅಂದಳು. "ನರೆ ಕಣೇ, ನೆರೆ ಅಲ್ಲ" ಅಂತ ಕೆಂಪು ಪೆನ್ನಿನಲ್ಲಿ ಎತ್ವ ಹೊಡೆದುಹಾಕಿದೆ. ದೊಡ್ಡ ಪಂಡಿತೆಯ ಹಾಗೆ.

ರಾತ್ರಿ ಮಲಗಿದ ಮೇಲೆ ಬಸವಣ್ಣನವರ ವಚನ ನೆನಪಾಯಿತು. "ನೆರೆ ಕೆನ್ನೆಗೆ, ತೆರೆ ಗಲ್ಲಕೆ" ಅಂತ ಶುರುವಾಗುತ್ತದಲ್ಲ, ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು. ಅಲ್ಲಿರುವುದು ನೆರೆಯೇ! ಎದ್ದು ಕೂತೆ. ಚಿಕ್ಕ ವಯಸ್ಸಿಗೇ ಕೂದಲು ಬೆಳ್ಳಗಾದರೆ ಬಾಲನೆರೆ ಅನ್ನುತ್ತಾರೆ. ಅಲ್ಲೂ ನೆರೆ. ಆದರೆ "ನರೆ ತೆರೆ" ಅನ್ನುವ ಜೋಡಿಯೂ ರೂಢಿಯಲ್ಲಿದೆ, "ನರೆತ ಗಡ್ಡ" ಅನ್ನುತ್ತೇವೆ, ನರೆಗೂದಲು ಅಂತ ಬರೆಯುತ್ತೇವೆ. ಬೆಳಿಗ್ಗೆ ನಮ್ಮ ಬೀದಿಯಲ್ಲೇ ಒಂದು ಸುತ್ತು ವಿಚಾರಿಸಿದೆ. ಎದುರು ಮನೆಯ ತಮಿಳಿನವರಿಗೆ ಅದು ನರೈ. ಮಲಯಾಳದವರಿಗೆ ನರ. ಮಹಡಿ ಮೇಲಿನ ತೆಲುಗಿನವರು ಮಾತ್ರ "ನೆರಿಸಿನ ಜುಟ್ಟು" ಅಂದರು, ಎತ್ವದ ಜೊತೆ. ಒಂದೇ ಬೇರಿನ ಪದ, ಒಂದು ಕಡೆ ಅ, ಇನ್ನೊಂದು ಕಡೆ ಎ. ನಮ್ಮ ಕನ್ನಡ ಎರಡನ್ನೂ ಇಟ್ಟುಕೊಂಡಿದೆ.

ಹಾಗಾಗಿ ನೆರೆ ತಪ್ಪು ಅಂತ ನಾನು ಹೇಳಿದ್ದೇ ತಪ್ಪು. ಹುಡುಗಿಗೆ ಫೋನ್ ಮಾಡಿ ಒಪ್ಪಿಕೊಂಡೆ. ಆದರೂ ಚೀಟಿಗೆ ನರೆಯೇ ಇರಲಿ ಅನ್ನುವುದು ನನ್ನ ಹಟ. ನೆರೆ ಅಂದರೆ ಪ್ರವಾಹ, ನೆರೆ ಅಂದರೆ ಪಕ್ಕ. ನೆರೆಗೂದಲು ಅಂತ ಬರೆದರೆ ಪಕ್ಕದ ಮನೆಯವರ ಕೂದಲು ಅಂದುಕೊಂಡರೂ ಆಶ್ಚರ್ಯವಿಲ್ಲ. ಆದರೆ ಒಳಗಡೆ ಬಾಲನೆರೆ ಅನ್ನುವ ಪದವೂ ಬರುತ್ತದೆ. ಮೇಲೆ ನರೆ, ಕೆಳಗೆ ಬಾಲನೆರೆ, ಇದು ಸರಿಯೇ? ಬಾಲನರೆ ಅಂತ ಮಾಡಿದರೆ ನನ್ನ ಕಿವಿಗೆ ಒಗ್ಗುತ್ತಿಲ್ಲ. ಇದು ನನ್ನ ಮೊದಲ ಪ್ರಶ್ನೆ. ನಿಮ್ಮ ಕಡೆ ಬಾಯಲ್ಲಿ ಯಾವುದು ಬರುತ್ತದೆ? ನಮ್ಮ ಮನೆಯಲ್ಲಂತೂ ಎರಡೂ ಇಲ್ಲ, "ತಲೆ ಬೆಳ್ಳಗಾಗಿದೆ" ಅಂತಲೇ.

ಇದಕ್ಕಿಂತ ಜಾಸ್ತಿ ತಲೆ ತಿಂದದ್ದು ಕ್ರಿಯಾಪದ. ಕರಡಿನಲ್ಲಿ ಎಲ್ಲೆಲ್ಲೂ "ಲೇಪಿಸಿ, ಲೇಪಿಸಿ". ಅಂಗಡಿಯಿಂದ ತಂದ ಯಾವುದೋ ಡೈ ಡಬ್ಬಿಯ ಕನ್ನಡ ನೋಡಿ ಬರೆದಿದ್ದಾಳೆ. "ಕೇಶವನ್ನು ಭಾಗಗಳಾಗಿ ವಿಂಗಡಿಸಿ ಮಿಶ್ರಣವನ್ನು ಲೇಪಿಸಿ." ಬೈತಲೆ ತೆಗೆದು ಹಚ್ಚಿಕೊಳ್ಳಿ ಅಂದರೆ ಮುಗಿಯುತ್ತಿತ್ತು. ಲೇಪನ ಅಂದರೆ ನನಗೆ ದೇವರ ವಿಗ್ರಹದ ಗಂಧ ನೆನಪಾಗುತ್ತದೆ, ಬಚ್ಚಲು ಮನೆಯ ಕನ್ನಡಿ ಮುಂದೆ ಹಳೇ ನೈಟಿ ಹಾಕಿಕೊಂಡು ನಿಂತ ಹೆಂಗಸಲ್ಲ.

ನಾವು ನಿಜವಾಗಿ ಏನನ್ನುತ್ತೇವೆ ನೋಡಿ. ಎಣ್ಣೆ ಹಚ್ಚುತ್ತೇವೆ. ಗೋರಂಟಿ ಮೆತ್ತುತ್ತೇವೆ. ಡೈ ಹಾಕುತ್ತೇವೆ. ಗೋಡೆಗೆ ಸುಣ್ಣ ಬಳಿಯುತ್ತೇವೆ. ಬೆಣ್ಣೆಯನ್ನು ದೋಸೆಗೆ ಸವರುತ್ತೇವೆ, ಮೇಲಧಿಕಾರಿಗೆ ಹಚ್ಚುತ್ತೇವೆ. ತೆಳ್ಳಗೆ ಹರಡುವುದಕ್ಕೆ ಹಚ್ಚು, ಗಟ್ಟಿಯಾಗಿ ಕೂರಿಸುವುದಕ್ಕೆ ಮೆತ್ತು. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಕಥೆಯೇ ಬದಲಾಗುತ್ತದೆ. ಎಣ್ಣೆ ಹಚ್ಚುವುದು ಭಾನುವಾರ ಬೆಳಿಗ್ಗೆ, ಎಣ್ಣೆ ಹೊಡೆಯುವುದು ಶನಿವಾರ ರಾತ್ರಿ. "ಡೈ ಹಾಕಿದ್ದಾರೆ" ಅಂದರೆ ಸುಮ್ನೆ ಸುದ್ದಿ, "ಡೈ ಬಳ್ಕೊಂಡಿದ್ದಾರೆ" ಅಂದರೆ ಹಂಗಿಸುವುದು. ಬಳಿ ಅನ್ನುವುದಕ್ಕೆ ಮಸಿಯ ಸಹವಾಸ ಜಾಸ್ತಿಯಾಗಿ ಅದರ ಮಾನ ಹೋಗಿದೆ. "ಬಣ್ಣ ಹಚ್ಚಿ" ಅಂತ ಬರೆಯೋಣವೆಂದರೆ, ಅದು ಆಗಲೇ ನಾಟಕ, ಸಿನಿಮಾದವರ ಪಾಲಾಗಿದೆ. ಇನ್ನು ಧಾರವಾಡದ ಕಡೆ ಹಚ್ಚು ಎಲ್ಲದಕ್ಕೂ ಬರುತ್ತದೆ. ದೀಪ ಹಚ್ಚುತ್ತಾರೆ, ಫೋನೂ ಹಚ್ಚುತ್ತಾರೆ. ಆ ಕಡೆಯವರು ಡೈಯನ್ನೂ ಹಚ್ಚುತ್ತೀರಾ, ಅಥವಾ ಬೆಂಗಳೂರಿನ ಹಾಗೆ ಹಾಕುತ್ತೀರಾ?

ಈ ತಿದ್ದುವ ಗಲಾಟೆಯಲ್ಲಿ ನನಗೆ ಒಂದು ವಿಷಯ ಹೊಳೆಯಿತು. ಇಂಗ್ಲಿಷ್ ಚೀಟಿಯಲ್ಲಿ "ಮನೆಯಲ್ಲೇ, ನೀವೇ" ಅಂತ ಮತ್ತೆ ಮತ್ತೆ ಬರೆದಿತ್ತು. ಕನ್ನಡಕ್ಕೆ ಅದರ ಗೊಡವೆಯೇ ಬೇಡ. "ಹಚ್ಚಿದೆ" ಅಂದರೆ ಬೇರೆಯವರಿಗೆ. "ಹಚ್ಚಿಕೊಂಡೆ" ಅಂದರೆ ನನ್ನ ತಲೆಗೆ ನಾನೇ, ಮನೆಯಲ್ಲಿ. "ಹಚ್ಚಿಸಿಕೊಂಡೆ" ಅಂದರೆ ಪಾರ್ಲರಿನಲ್ಲಿ ದುಡ್ಡು ಕೊಟ್ಟು, ಇಲ್ಲವೇ ಮಗಳ ಕೈ ಕಾಲು ಹಿಡಿದು. ಯಾರ ತಲೆ, ಯಾರ ಕೈ ಅನ್ನುವುದೆಲ್ಲ ಕ್ರಿಯಾಪದದ ಬಾಲದಲ್ಲೇ ಇದೆ. ಡಬ್ಬಿಗಳ ಮೇಲೆ "ಹಚ್ಚಿ", "ತೊಳೆಯಿರಿ" ಅಂತ ಬೋಳಾಗಿ ಬರೆದದ್ದು ಓದಿದಾಗ ಏನೋ ಕೊರೆ ಅನ್ನಿಸುವುದು ಈ ಕೊಳ್ಳು ಇಲ್ಲದ್ದಕ್ಕೇ. ಯಾರದೋ ಪಾತ್ರೆ ತೊಳೆದ ಹಾಗೆ. ಅಂದಹಾಗೆ ತೊಳೆಯುವುದಕ್ಕೂ ಒಳ್ಳೆಯ ಮಾತಿದೆ. ನಮ್ಮತ್ತೆ ಈಗಲೂ "ತಲೆಗೆ ಎರ್ಕೊಂಡ್ಯಾ?" ಅಂತಲೇ ಕೇಳುವುದು. ಹುಡುಗರಿಗೆ ಅದು ಗೊತ್ತಾಗುವುದಿಲ್ಲ, "ಹೇರ್ ವಾಶ್" ಅನ್ನಬೇಕು. ಚೀಟಿಯಲ್ಲಿ "ತಲೆಗೆ ನೀರು ಹಾಕಿಕೊಳ್ಳಿ" ಅಂತ ಇಟ್ಟಿದ್ದೇನೆ.

ಡೈ ಮತ್ತು ಕಲರ್ ಒಂದೇ ಅಂದುಕೊಂಡಿದ್ದೆ. ಅಲ್ಲವಂತೆ. ಅಪ್ಪ ಡೈ ಹಾಕಿಕೊಳ್ಳುತ್ತಾರೆ, ಮಗಳು ಕಲರ್ ಮಾಡಿಸುತ್ತಾಳೆ. ಡೈ ಇರುವುದು ಮುಚ್ಚುವುದಕ್ಕೆ, ಕಲರ್ ಇರುವುದು ತೋರಿಸುವುದಕ್ಕೆ. ನಾನು ಚಿಕ್ಕವಳಿದ್ದಾಗ ಕೂದಲು ಸ್ವಲ್ಪ ಕೆಂಚಗಿದ್ದರೆ "ಎಣ್ಣೆ ಕಾಣದ ಕೆಂಚು ತಲೆ" ಅಂತ ಬೈಸಿಕೊಳ್ಳುತ್ತಿದ್ದೆವು. ಈಗ ಅದೇ ಬಣ್ಣಕ್ಕೆ ಸಾವಿರಗಟ್ಟಲೆ ಕೊಡುತ್ತಾರೆ, ಹೆಸರು ಮಾತ್ರ ಬ್ರೌನ್, ಬರ್ಗಂಡಿ. ಶಿವನಿಗೆ ಕೆಂಜೆಡೆಯವನು ಅಂತ ಹೆಸರಿಟ್ಟ ಭಾಷೆಯಲ್ಲಿ ಕೆಂಚು ಅನ್ನುವ ಪದ ಒಂದು ಡಬ್ಬಿಯ ಮೇಲೂ ಇಲ್ಲ.

ಅದೇ ಡೈ ಡಬ್ಬಿಯಲ್ಲಿ ಇನ್ನೂ ಕೆಲವು ಪದ ಸಿಕ್ಕವು. "ಡೆವಲಪರ್" ಅಂತ ಒಂದು ಬಾಟಲಿ. ಬೆಂಗಳೂರಿನಲ್ಲಿ ಡೆವಲಪರ್ ಅಂದರೆ ಒಂದೋ ಸೈಟು ಮಾರುವವರು, ಇಲ್ಲವೇ ಕಂಪ್ಯೂಟರ್ ಮುಂದೆ ಕೂರುವವರು. ಇದು ಹೈಡ್ರೋಜನ್ ಪೆರಾಕ್ಸೈಡ್. ಅದರ ಮೇಲೆ "20 ವಾಲ್ಯೂಮ್" ಅಂತ ಇತ್ತು. ನಮ್ಮ ಹುಡುಗಿ ಅದನ್ನು ಫೋನಿಗೆ ಹಾಕಿ ಅನುವಾದ ಮಾಡಿಸಿದರೆ "ಧ್ವನಿ 20" ಅಂತ ಬಂತಂತೆ. ಒಂದು ಲೀಟರ್ ದ್ರವದಿಂದ 20 ಲೀಟರ್ ಆಮ್ಲಜನಕ ಹೊರಡುತ್ತದೆ ಅನ್ನುವ ಲೆಕ್ಕ ಅದು, ಅಂದರೆ ಸುಮಾರು 6% ಪೆರಾಕ್ಸೈಡ್. ಕೂದಲಿನ ಹೊರಪೊರೆ ಹಂಚು ಹೊದಿಸಿದ ಮಾಡಿನ ಹಾಗೆ ಒಂದರ ಮೇಲೊಂದು ಕೂತಿರುತ್ತದೆ. ಅಮೋನಿಯಾ ಆ ಹಂಚುಗಳನ್ನು ಎಬ್ಬಿಸುತ್ತದೆ. ಪೆರಾಕ್ಸೈಡ್ ಒಳಗಿನ ಹಳೆ ಬಣ್ಣವನ್ನು ತಿಳಿ ಮಾಡಿ ಹೊಸ ಬಣ್ಣ ಕಟ್ಟಿಸುತ್ತದೆ. ಬಣ್ಣ ಕಟ್ಟು, ಬಣ್ಣ ಹಿಡಿ, ಬಣ್ಣ ಬಿಡು ಎಲ್ಲವೂ ಕನ್ನಡದಲ್ಲಿ ಚೆನ್ನಾಗಿ ಬಾಳುತ್ತಿವೆ. ಹಾಗಿರುವಾಗ "ವರ್ಣ ಸ್ಥಿರೀಕರಣ" ಯಾರಿಗೆ ಬೇಕಿತ್ತೋ.

"ಪ್ಯಾಚ್ ಟೆಸ್ಟ್" ಅಂದಾಗ ಡಬ್ಬಿಯವರು "ತೇಪೆ ಪರೀಕ್ಷೆ" ಮಾಡಿದ್ದಾರೆ! ಹರಿದ ಲುಂಗಿಗೆ ಹಾಕುವ ತೇಪೆ. ಕಿವಿಯ ಹಿಂದೆಯೋ ಮೊಣಕೈ ಒಳಮಗ್ಗುಲಲ್ಲೋ ಚೂರು ಹಚ್ಚಿ, 48 ಗಂಟೆ ಕಾದು, ಕೆರೆತವೋ ಉರಿಯೋ ಬರುತ್ತದಾ ಅಂತ ನೋಡುವುದು ಅದು. ನಾನು "ಮೊದಲು ಹಚ್ಚಿ ನೋಡಿಕೊಳ್ಳಿ" ಅಂತ ಬರೆದೆ. ಹೆಸರೇ ಬೇಕಾದರೆ ಏನಿಡೋಣ? ಹಚ್ಚುನೋಟ ಅಂದೆ, ಮನೆಯಲ್ಲಿ ಯಾರೂ ಒಪ್ಪಲಿಲ್ಲ.

ಈಗ ಪುಡಿಯ ಹೆಸರಿಗೆ ಬರುತ್ತೇನೆ. ಇಲ್ಲಿ ಎಡವಿದರೆ ಸುಮ್ನೆ ನಗುವ ವಿಷಯವಲ್ಲ. "ನೀಲಿ ಪುಡಿ" ಅಂತ ಬರೆದಿದ್ದಳು. ನಮ್ಮತ್ತೆ ಓದಿ ಗಾಬರಿಯಾದರು. "ಬಟ್ಟೆಗೆ ಹಾಕೋ ನೀಲೀನ ತಲೆಗ್ಯಾಕೆ ಹಾಕ್ಕೋಬೇಕು?" ಬಿಳಿ ಪಂಚೆ, ಬಿಳಿ ಅಂಗಿ ಇರುವ ಮನೆಯಲ್ಲಿ ನೀಲಿ ಅಂದರೆ ಅದೇ. ಇಂಡಿಗೋ ಅನ್ನೋಣವೆಂದರೆ ಅದು ವಿಮಾನ. ನೀಲಿ ಸೊಪ್ಪಿನ ಪುಡಿ ಅಂತ ಸೊಪ್ಪು ಸೇರಿಸಿದ ಮೇಲೆ ಸಮಾಧಾನವಾಯಿತು. ನಿಮ್ಮೂರಿನ ಗ್ರಂಥಿಗೆ ಅಂಗಡಿಯಲ್ಲಿ ಏನಂತ ಕೇಳಿ ತರುತ್ತೀರಿ?

ಗೋರಂಟಿಗೂ ಹೆಸರು ಹಲವು. ನಮ್ಮ ಕಡೆ ಗೋರಂಟಿ, ಮಂಗಳೂರಿನವರಿಗೆ ಮದರಂಗಿ, ಅಂಗಡಿಯಲ್ಲಿ ಮೆಹಂದಿ, ಡಬ್ಬಿಯ ಮೇಲೆ ಹೆನ್ನಾ. ಗಿಡ ಒಂದೇ. ಆದರೆ ಬೆಂಗಳೂರಿನ ಬಾಯಲ್ಲಿ ಕೆಲಸ ಹಂಚಿಹೋದ ಹಾಗಿದೆ. ಕೈಗಾದರೆ ಮೆಹಂದಿ, ತಲೆಗಾದರೆ ಹೆನ್ನಾ, ಅಜ್ಜಿ ರುಬ್ಬಿದರೆ ಗೋರಂಟಿ. ಚೀಟಿಗೆ ಗೋರಂಟಿಯನ್ನೇ ಇಟ್ಟೆ, ಪಕ್ಕದಲ್ಲಿ ಮೆಹಂದಿ ಅಂತಲೂ ಹಾಕಿದೆ. ಒಂದು ಮಾತಿಗೆ ಮಾತ್ರ ನಾನು ಅಡ್ಡ ನಿಂತೆ. ಅವಳು ಎರಡೂ ಪುಡಿಗೆ ಸೇರಿಸಿ "ಕಪ್ಪು ಗೋರಂಟಿ" ಅಂತ ಹೆಸರಿಟ್ಟಿದ್ದಳು. ಗೋರಂಟಿ ಎಲೆಯ ಬಣ್ಣ ಕೆಂಪು, ಕಿತ್ತಳೆ. ಅದು ಯಾವತ್ತೂ ಕಪ್ಪಾಗುವುದಿಲ್ಲ. ಮೊದಲು ಗೋರಂಟಿ, ಆಮೇಲೆ ನೀಲಿ ಸೊಪ್ಪು ಹಚ್ಚಿಕೊಂಡರೆ ಕಪ್ಪು. ಬರೀ ನೀಲಿ ಸೊಪ್ಪು ಹಚ್ಚಿದರೆ ಬಿಳಿ ಕೂದಲು ನೀಲಿಯೋ ಹಸಿರೋ ಆಗಬಹುದು. ಬಜಾರಿನಲ್ಲಿ ಕಪ್ಪು ಮೆಹಂದಿ ಅಂತ ಕೋನ್‌ಗಳಲ್ಲಿ ಸಿಗುವುದಕ್ಕೆ ಸಾಮಾನ್ಯವಾಗಿ ಪಿಪಿಡಿ ಅನ್ನುವ ಡೈ ರಾಸಾಯನಿಕ ಸೇರಿಸಿರುತ್ತಾರೆ. ಅದು ಕೆಲವರ ಚರ್ಮವನ್ನು ಬೊಬ್ಬೆ ಏಳಿಸುತ್ತದೆ. ಇವಳ ಪುಡಿಯಲ್ಲಿ ಅದಿಲ್ಲ, ಹೆಸರು ಮಾತ್ರ ಅದರದ್ದು ಯಾಕೆ? "ಗೋರಂಟಿ ಮತ್ತು ನೀಲಿ" ಅಂತ ಬದಲಾಯಿತು.

ನೀಲಿ ಸೊಪ್ಪನ್ನು ಹಚ್ಚಿಕೊಳ್ಳುವ ಸ್ವಲ್ಪ ಮುಂಚೆ ಬೆಚ್ಚಗಿನ ನೀರಿನಲ್ಲಿ ಕಲಸಬೇಕು. ಕರಡಿನಲ್ಲಿ "ಸಾಧಾರಣ ಉಷ್ಣತೆಯ ನೀರು" ಅಂತ ಇತ್ತು. "ಉಗುರು ಬೆಚ್ಚಗಿನ ನೀರು" ಅಂತ ತಿದ್ದಿದೆ. ಇಷ್ಟು ಚೆಂದದ ಅಳತೆ ಇನ್ನೆಲ್ಲಿದೆ ಹೇಳಿ. ಬೆರಳ ತುದಿ ಅದ್ದಿದರೆ ಹಿತವಾಗಿರುವಷ್ಟು ಬಿಸಿ ಅಂತ ನಾನು ಅಂದುಕೊಂಡಿದ್ದೇನೆ.

ಉಗುರು ಅಂದಾಗ ಇನ್ನೊಂದು. ಗೋರಂಟಿ ಕಲಸಿದರೆ ಉಗುರು ಕೆಂಪಾಗುತ್ತದೆ. ಚರ್ಮದ್ದು ವಾರ, ಎರಡು ವಾರಕ್ಕೆ ಹೋಗುತ್ತದೆ, ಉಗುರಿನದ್ದು ಉಗುರು ಬೆಳೆದೇ ಹೋಗಬೇಕು. ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಲೆಕ್ಕ ಹಾಕಿಕೊಳ್ಳಿ. "ಗ್ಲೌಸ್ ಇಲ್ದಿದ್ರೆ ಮೊದ್ಲೇ ಕ್ಯೂಟೆಕ್ಸ್ ಹಾಕ್ಕೊಂಡ್ಬಿಡಿ, ಹಿಡಿಯಲ್ಲ" ಅಂತ ನಾದಿನಿಯ ಸಲಹೆ. ಅದನ್ನೂ ಚೀಟಿಗೆ ಸೇರಿಸಬೇಕಂತೆ. ಮಗಳಿಗೆ ಕ್ಯೂಟೆಕ್ಸ್ ಅಂದರೇನೆಂದೇ ಗೊತ್ತಿಲ್ಲ. ನಮ್ಮ ವಯಸ್ಸಿನವರಿಗೆ ನೇಲ್ ಪಾಲಿಶ್‌ಗೆ ಬೇರೆ ಹೆಸರೇ ಇರಲಿಲ್ಲ, ವನಸ್ಪತಿಗೆ ಡಾಲ್ಡಾ ಇದ್ದ ಹಾಗೆ. ತಮಾಷೆಯೆಂದರೆ, 1911ರಲ್ಲಿ ಅಮೆರಿಕದಲ್ಲಿ ಆ ಹೆಸರಿನಲ್ಲಿ ಮೊದಲು ಬಂದದ್ದು ಬಣ್ಣವಲ್ಲ, ಉಗುರಿನ ಬುಡದ ಪೊರೆ ತೆಗೆಯುವ ದ್ರವ. ಆ ಪೊರೆಯ ಇಂಗ್ಲಿಷ್ ಹೆಸರಿನಿಂದಲೇ ಕ್ಯೂಟೆಕ್ಸ್ ಹುಟ್ಟಿದ್ದು.

ಉಗುರುಬಣ್ಣ ಅಂತ ಬರೆಯಬಹುದು, ಪೇಪರಿನವರು ಬರೆಯುತ್ತಾರೆ. ಆದರೆ ಫ್ಯಾನ್ಸಿ ಸ್ಟೋರಿಗೆ ಹೋಗಿ "ಉಗುರುಬಣ್ಣ ಕೊಡಿ" ಅಂದವರನ್ನು ನಾನಂತೂ ನೋಡಿಲ್ಲ. ಅದನ್ನು ಲ್ಯಾಕರ್ ಅಂತಲೂ ಕರೆಯುತ್ತಾರಲ್ಲ, ಆ ಪದದ ಬೇರು ನಮ್ಮ ಲಾಕ್ಷಾ, ಅಂದರೆ ಅರಗು. ಚನ್ನಪಟ್ಟಣದ ಬೊಂಬೆಗಳಿಗೆ ಮೆರುಗು ಕೊಡುವುದು ಅದೇ ಅರಗು. ಹಾಗಾದರೆ "ಉಗುರರಗು" ಅನ್ನೋಣವಾ ಅಂದರು ನಮ್ಮ ಯಜಮಾನರು. ಮೂರು ಸಲ ಬೇಗ ಬೇಗ ಹೇಳಿ ನೋಡಿ, ನಾಲಿಗೆ ಹೊರಳಿದರೆ ಒಪ್ಪುತ್ತೇನೆ. ಇಲ್ಲೂ ಹೆಸರಿಗೆ ಕಷ್ಟ, ಕೆಲಸಕ್ಕೆ ಕಷ್ಟವಿಲ್ಲ. ಹಾಕಿಕೊಳ್ಳುತ್ತೇವೆ, ಒಣಗಿಸುತ್ತೇವೆ, ಎರಡನೇ ಕೋಟು ಕೊಡುತ್ತೇವೆ, ಪಾತ್ರೆ ತಿಕ್ಕಿದರೆ ಚಕ್ಕೆ ಏಳುತ್ತದೆ. ಚೀಟಿಯಲ್ಲಿ ನೇಲ್ ಪಾಲಿಶ್ ಅಂತಲೇ ಬಿಟ್ಟೆ.

ಕೊನೆಯದೊಂದು, ಇದಕ್ಕೆ ನನಗೆ ಪದವೇ ಸಿಕ್ಕಿಲ್ಲ. ಕೂದಲು ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರ್ ಬೆಳೆಯುತ್ತದೆ. ಡೈ ಹಾಕಿಕೊಂಡ ಮೂರು ವಾರಕ್ಕೆ ಬೈತಲೆಯ ಎರಡೂ ಪಕ್ಕ ಬೆಳ್ಳಗೆ ಒಂದು ಗೆರೆ ಕಾಣುತ್ತದಲ್ಲ, ಅದಕ್ಕೆ ಏನನ್ನಬೇಕು? ಪಾರ್ಲರಿನವರು "ರೂಟ್ಸ್" ಅನ್ನುತ್ತಾರೆ, ಅದನ್ನು ಮುಚ್ಚುವುದು "ಟಚಪ್". ನಮ್ಮ ಮನೆಗೆಲಸಕ್ಕೆ ಬರುವಾಕೆ ಮಾಗಡಿ ಕಡೆಯವರು. ಮೊನ್ನೆ ನನ್ನ ತಲೆ ನೋಡಿ "ಅಕ್ಕಾ, ಬುಡದಲ್ಲಿ ಇಣುಕ್ತಾವೆ" ಅಂದರು. ಇಣುಕು! ನನಗೆ ಬಹಳ ಹಿಡಿಸಿತು. "ಬಿಳಿ ಇಣುಕಿದಾಗ ಬುಡಕ್ಕೆ ಮಾತ್ರ ಹಚ್ಚಿಕೊಳ್ಳಿ" ಅಂತ ಬರೆದಿದ್ದೇನೆ. ನಿಮ್ಮೂರಿನಲ್ಲಿ ಇದಕ್ಕಿಂತ ಒಳ್ಳೆಯ ಮಾತಿದ್ದರೆ ಕೊಡಿ, ಬದಲಾಯಿಸುತ್ತೇನೆ.

ಚೀಟಿ ಮುಂದಿನ ಶನಿವಾರ ಅಚ್ಚಿಗೆ ಹೋಗುತ್ತದೆ, 500 ಪ್ರತಿ. ಅಷ್ಟರೊಳಗೆ ತಿಳಿಸಿ. ಎತ್ವ ಬೇಕೋ ಬೇಡವೋ ಅಂತ ಅವಳು ಆಗಲೇ ಎರಡು ಸಲ ಫೋನ್ ಮಾಡಿ ಕೇಳಿದ್ದಾಳೆ.