ಸಹಾಯ ಬೇಕು: ಹಳೇ ಸಾಲುಮನೆ, ಓರೆ ಬಿರುಕು, ಗೋಡೆ ತೇವ

ನಮಸ್ಕಾರ. ನಗರದೊಳಗೆ ಎರಡೂ ಪಕ್ಕದ ಗೋಡೆ ನೆರೆಮನೆಗಳೊಂದಿಗೆ ಹಂಚಿಕೊಂಡಿರುವ, ಎರಡು ಅಂತಸ್ತಿನ ಹಳೇ ಸಾಲುಮನೆ ಮಾರಾಟಕ್ಕಿದೆ, ಕೊಳ್ಳುವ ಯೋಚನೆಯಲ್ಲಿದ್ದೇನೆ. ತಿಳಿದವರು ಸಲಹೆ ಕೊಡಿ.

ಹಿಂದಿನ ಕೋಣೆಯ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿದೆ. ಕೂದಲೆಳೆಯಷ್ಟಿದ್ದರೆ ಗಾರೆಯದ್ದೆಂದು ಬಿಡಬಹುದಿತ್ತು. ಇದು ಮೇಲ್ತುದಿಯಲ್ಲಿ ಸುಮಾರು 5 ಮಿ.ಮೀ. ಅಗಲ, ಕೆಳಗೆ ಬರುತ್ತಾ ಕಿರಿದು. ಹೊರಗಡೆಯೂ ಇಟ್ಟಿಗೆ ಸಂದಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದಿದೆ. ತಳಪಾಯವೇ ಕುಸಿದಿದೆಯೋ, ಒಳಚರಂಡಿ ಪೈಪ್ ಸೋರಿ ಮಣ್ಣು ಕೊಚ್ಚಿಹೋಗಿದೆಯೋ? ಬಿರುಕಿಗೆ ಗಾಜಿನ ಪಟ್ಟಿ ಅಂಟಿಸಿ, ಅದು ಒಡೆಯುತ್ತದೆಯೇ (ಅಂದರೆ ಬಿರುಕು ಇನ್ನೂ ಬೆಳೆಯುತ್ತಿದೆಯೇ) ಎಂದು ತಿಂಗಳುಗಟ್ಟಲೆ ಗಮನಿಸಬಹುದು, ಆದರೆ ಮಾರುವವರು ಕಾಯಬೇಕಲ್ಲ! ಮೊದಲು ಪೈಪಿಗೆ ಕ್ಯಾಮೆರಾ ಇಳಿಸುವುದೋ, ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸುವುದೋ?

ಹಂಚಿಕೆ ಗೋಡೆಯ ಬುಡದಿಂದ ಒಂದು ಮೀಟರ್‌ವರೆಗೆ ತೇವ, ಬಿಳಿ ಉಪ್ಪು. ಅಷ್ಟು ಜಾಗಕ್ಕೆ ಮಾತ್ರ ಹೊಸ ಬಣ್ಣ ಬಳಿದಿದ್ದಾರೆ, ಅನುಮಾನ ಬರುವುದೇ ಅದಕ್ಕೆ. ನೆಲದ ತೇವ ಮೇಲೇರಿದ್ದೋ, ಪಕ್ಕದ ಮನೆಯ ಬಚ್ಚಲಿನ ಸೋರಿಕೆಯೋ ಎಂದು ಗೋಡೆ ಒಡೆಯದೆ ತಿಳಿಯುವುದು ಹೇಗೆ? ಈ ಗೋಡೆಯ ದುರಸ್ತಿ ಖರ್ಚನ್ನು ನೆರೆಯವರೊಂದಿಗೆ ಹಂಚಿಕೊಳ್ಳುವ ಷರತ್ತು ಕ್ರಯಪತ್ರದಲ್ಲೇ ಇರಬೇಕೇ?

ಹಿತ್ತಲಿಗೆ ಹೋಗಲು ನೆರೆಯವರ ಅಂಗಳ ದಾಟಬೇಕು. ಬಾಯಿಮಾತಿನ ಒಪ್ಪಿಗೆ ಮುಂದಿನ ಮಾಲೀಕರಿಗೆ ನಡೆಯುವುದಿಲ್ಲ. ದಾರಿಹಕ್ಕು ದಾಖಲೆಯಲ್ಲಿ ಇಲ್ಲದಿದ್ದರೆ ಖರೀದಿ ಕೈಬಿಡಬೇಕೇ?

ಬೀದಿ ಕಿರಿದು. ರಾತ್ರಿ ಪಾರ್ಕಿಂಗ್, ಸದ್ದು, ಜೋರು ಮಳೆಯಲ್ಲಿ ನಿಲ್ಲುವ ನೀರು ಬಿಟ್ಟು ಇನ್ನೇನು ನೋಡಬೇಕು?