ಐದು ಜನರ ಕುಟುಂಬಕ್ಕೆ ಮನೆ ಕೊಳ್ಳುವಾಗ ಮೊದಲು ಏನನ್ನು ನೋಡಬೇಕು? ಮೈಸೂರಿನವರ ಅನುಭವಗಳು

ಸಲಹೆ ಕೇಳಿದವರು: ಸರಸ್ವತೀಪುರಂ

ಹನ್ನೊಂದು ವರ್ಷ ಬಾಡಿಗೆ ಮನೆಯಲ್ಲಿದ್ದು ಈಗ ಸ್ವಂತ ಮನೆ ಕೊಳ್ಳಲು ಹೊರಟಿದ್ದೇವೆ. ನಾನು, ನನ್ನ ಪತಿ, ಒಂಬತ್ತನೆಯ ತರಗತಿಯ ಮಗಳು, ಮೂರನೆಯ ತರಗತಿಯ ಮಗ ಹಾಗೂ 71 ವರ್ಷದ ನಮ್ಮ ಅತ್ತೆ, ಒಟ್ಟು ಐದು ಜನ. 80 ಲಕ್ಷ ರೂಪಾಯಿ ನಮ್ಮ ಮಿತಿ. ಎರಡು ಮನೆಗಳು ಮನಸ್ಸಿಗೆ ಬಂದಿವೆ. ಒಂದು, ಬೋಗಾದಿಯ ಆಚೆ, ರಿಂಗ್ ರಸ್ತೆಯ ಹೊರಗಿನ ಬಡಾವಣೆಯಲ್ಲಿ 30×40 ನಿವೇಶನದಲ್ಲಿ ಕಟ್ಟಿರುವ ಹೊಸ ಡ್ಯೂಪ್ಲೆಕ್ಸ್. ಕೆಳಗೊಂದು, ಮೇಲೆರಡು ಮಲಗುವ ಕೋಣೆಗಳಿವೆ. ಇನ್ನೊಂದು, ಕುವೆಂಪುನಗರದಲ್ಲಿ 20×30 ನಿವೇಶನದ, 28 ವರ್ಷ ಹಳೆಯದಾದ, ಎರಡೇ ಕೋಣೆಗಳ ಒಂದಂತಸ್ತಿನ ಮನೆ. ನೋಡಿದಷ್ಟೂ ಗೊಂದಲ ಹೆಚ್ಚುತ್ತಿದೆ. ಮನೆ ಕೊಂಡು ಕೆಲವು ವರ್ಷ ಬಾಳಿದವರು, ಯಾವುದನ್ನು ಮುಖ್ಯವೆಂದುಕೊಂಡಿದ್ದಿರಿ, ಕೊನೆಗೆ ಯಾವುದು ಮುಖ್ಯವಾಯಿತು ಎಂಬುದನ್ನು ದಯವಿಟ್ಟು ತಿಳಿಸಿ.

ದಟ್ಟಗಳ್ಳಿಯಿಂದ ಒಬ್ಬ ಗೃಹಿಣಿ

ನಿಮ್ಮ ಪ್ರಶ್ನೆಯಲ್ಲಿ ಅತ್ತೆಯವರ ವಯಸ್ಸನ್ನು ಬರೆದಿದ್ದೀರಿ, ಆದರೆ ಅವರ ಮಂಡಿ ಹೇಗಿದೆ ಎಂದು ಬರೆದಿಲ್ಲ. ನಾನು ಅಲ್ಲಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಾವು ಒಂಬತ್ತು ವರ್ಷದ ಹಿಂದೆ ಡ್ಯೂಪ್ಲೆಕ್ಸ್ ಕೊಂಡಾಗ ಆ ಒಂದು ಮಾತನ್ನು ಯಾರೂ ಎತ್ತಲಿಲ್ಲ.

ಮನೆಯನ್ನು ನಾವು ಮೂರು ಸಲ ನೋಡಿದೆವು, ಮೂರೂ ಸಲ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ. ತೇಗದ ಬಾಗಿಲು, ಅಡುಗೆ ಕಟ್ಟೆಯ ಗ್ರಾನೈಟು, ಮೇಲಿನ ಕೋಣೆಗಳ ಬಾಲ್ಕನಿ, ಇವುಗಳನ್ನು ನೋಡಿ ಮೆಚ್ಚಿದೆವು. ದಸರೆಗೆ ಬರುವ ನೆಂಟರಿಗೆ ಕೋಣೆ ಸಾಲುತ್ತದೆಯೇ, ಬೊಂಬೆ ಕೂರಿಸಲು ಹಾಲ್‌ನಲ್ಲಿ ಗೋಡೆ ಸಿಗುತ್ತದೆಯೇ ಎಂದು ಲೆಕ್ಕ ಹಾಕಿದೆವು. ವರ್ಷಕ್ಕೆ ಹತ್ತು ದಿನ ಬರುವವರಿಗಾಗಿ ಇಷ್ಟೆಲ್ಲ ಯೋಚಿಸಿದ ನಾವು, ಮುನ್ನೂರ ಅರವತ್ತೈದು ದಿನವೂ ಮನೆಯಲ್ಲೇ ಇರುವ ನಮ್ಮತ್ತೆಯವರ ಒಂದು ದಿನ ಆ ಮನೆಯಲ್ಲಿ ಹೇಗೆ ಕಳೆಯುತ್ತದೆ ಎಂದು ಯೋಚಿಸಲಿಲ್ಲ.

ನಾಲ್ಕನೆಯ ವರ್ಷಕ್ಕೆ ಅವರಿಗೆ ಮೆಟ್ಟಿಲು ಹತ್ತಲು ಆಗದಾಯಿತು. ಕೆಳಗಿದ್ದ ಕೋಣೆ ಒಂಬತ್ತಡಿಗೆ ಹತ್ತಡಿ. ಮಂಚ ಮತ್ತು ಬೀರು ಇಟ್ಟ ಮೇಲೆ ವಾಕರ್ ತಿರುಗಿಸಲು ಜಾಗ ಉಳಿಯಲಿಲ್ಲ. ಬಚ್ಚಲುಮನೆ ಕೋಣೆಗೆ ಸೇರಿರದೆ ಮೆಟ್ಟಿಲಿನ ಕೆಳಗಿತ್ತು. ಅದರ ಬಾಗಿಲು ಎರಡೂವರೆ ಅಡಿಯದು, ಹೊಸ್ತಿಲು ಬೇರೆ. ಕೊನೆಗೆ ಅವರು ಹಾಲ್‌ನ ದಿವಾನದ ಮೇಲೆ ಮಲಗತೊಡಗಿದರು. ಟಿ.ವಿ., ಮಕ್ಕಳ ಓದು, ಬಂದವರ ಮಾತು ಎಲ್ಲವೂ ಅವರ ತಲೆಯ ಬಳಿಯೇ ನಡೆಯುತ್ತಿತ್ತು. ಬಾಯಿ ಬಿಟ್ಟು ಒಂದು ದಿನವೂ ದೂರಲಿಲ್ಲ. ಅದೇ ನನಗೆ ಇಂದಿಗೂ ನೋವು.

ಬಾಗಿಲ ಮುಂದೆ ಗಾಲಿಕುರ್ಚಿಗೆ ಇಳಿಜಾರು ಕಟ್ಟಿಸೋಣವೆಂದರೆ, ಸುರಕ್ಷಿತವಾದ ಇಳಿಜಾರಿಗೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕೆಂದು ಎಂಜಿನಿಯರ್ ಹೇಳಿದರು. ನಮ್ಮ ಮನೆಯ ಪಾಯ ರಸ್ತೆಯಿಂದ ಎರಡು ಅಡಿ ಮೇಲಿತ್ತು. ಎಂದರೆ 24 ಅಡಿ ಇಳಿಜಾರು. ಗೇಟಿನಿಂದ ಬಾಗಿಲಿಗೆ ನಮಗಿದ್ದದ್ದು ಹನ್ನೆರಡೇ ಅಡಿ. ಬಚ್ಚಲಿನ ಗೋಡೆ ಒಡೆಸಿ, ಮೂರಡಿ ಬಾಗಿಲು ಇಡಿಸಿ, ಹಿಡಿಕೆಗಳನ್ನು ಹಾಕಿಸುವ ಹೊತ್ತಿಗೆ ಇನ್ನೊಂದು ವರ್ಷ ಕಳೆದಿತ್ತು. ಆದ್ದರಿಂದ ಆ ಡ್ಯೂಪ್ಲೆಕ್ಸಿಗೆ ಅಳತೆ ಟೇಪು ತೆಗೆದುಕೊಂಡು ಹೋಗಿ, ಕೆಳಗಿನ ಕೋಣೆ, ಬಚ್ಚಲಿನ ಬಾಗಿಲು ಮತ್ತು ಪಾಯದ ಎತ್ತರ ಇವು ಮೂರನ್ನೂ ಮೊದಲು ಅಳೆಯಿರಿ.

ಇನ್ನೊಂದು ಮಾತು. ಮನೆಯಲ್ಲಿ ಯಾರು ಎಷ್ಟು ಹೊತ್ತು, ಎಲ್ಲಿ ಇರುತ್ತಾರೆ ಎಂದು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ನಾನು ಹಾಗೆ ಬರೆದದ್ದು ಮನೆ ಕೊಂಡ ಮೇಲೆ. ಅಡುಗೆಮನೆಯಲ್ಲಿ ನಾನು ದಿನಕ್ಕೆ ಐದು ಗಂಟೆ ನಿಲ್ಲುತ್ತಿದ್ದೆ, ಬಾಲ್ಕನಿಯಲ್ಲಿ ಯಾರೂ ಹತ್ತು ನಿಮಿಷವೂ ಕೂರುತ್ತಿರಲಿಲ್ಲ. ಆ ಅಡುಗೆಮನೆಯ ಕಿಟಕಿ ಪಶ್ಚಿಮಕ್ಕಿತ್ತು, ಮೇಲೆ ಸಜ್ಜವಿರಲಿಲ್ಲ. ಮಾರ್ಚ್, ಏಪ್ರಿಲ್ ತಿಂಗಳ ಸಂಜೆ ಕಾಫಿಗೆ ಹಾಲಿಡುವಾಗ ಬಿಸಿಲು ನೇರವಾಗಿ ಮುಖಕ್ಕೇ ಬೀಳುತ್ತಿತ್ತು. ಪಶ್ಚಿಮದ ಕಿಟಕಿಯೇ ಬೇಡವೆನ್ನುವುದಿಲ್ಲ, ಮುಂಗಾರಿನ ಗಾಳಿ ನಮಗೆ ಬರುವುದು ಆ ಕಡೆಯಿಂದಲೇ. ಆದರೆ ನೆರಳು ಇರಬೇಕು. ಬಟ್ಟೆ ಒಗೆಯುವ ಜಾಗ ಕೆಳಗೆ, ಒಣಹಾಕುವ ಜಾಗ ತಾರಸಿಯಲ್ಲಿ. ನೆನೆದ ಬಟ್ಟೆಯ ಬಕೆಟ್ಟನ್ನು ಎರಡು ಅಂತಸ್ತು ಹೊತ್ತವಳು ನಾನು. ಹಾಗಾಗಿ ಬೆಳಿಗ್ಗೆ ಏಳಕ್ಕೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ, ದೀಪ ಹಚ್ಚುವ ಹೊತ್ತಿಗೊಮ್ಮೆ ಹೋಗಿ ನೋಡಿ. ಒಮ್ಮೆಯಾದರೂ ಅತ್ತೆಯವರನ್ನು ಕರೆದುಕೊಂಡು ಹೋಗಿ, ಒಂದು ಗಂಟೆ ಅಲ್ಲಿ ಕೂರಿಸಿ.

ವಿಜಯನಗರ ಎರಡನೆಯ ಹಂತದಿಂದ ನಿವೃತ್ತ ಬ್ಯಾಂಕ್ ನೌಕರರು

ಮೇಲಿನ ಸೋದರಿಯವರ ಮಾತು ಸತ್ಯ. ಆದರೆ ಕ್ರಮದಲ್ಲಿ ಕಾಗದಪತ್ರವೇ ಮೊದಲು ಬರಬೇಕೆಂಬುದು ಗೃಹಸಾಲದ ಕಡತಗಳನ್ನು ವರ್ಷಗಟ್ಟಲೆ ನೋಡಿದ ನನ್ನ ಅಭಿಪ್ರಾಯ. ಬಾಗಿಲನ್ನು ಒಡೆದು ಅಗಲ ಮಾಡಬಹುದು, ಹಕ್ಕಿನಲ್ಲಿರುವ ದೋಷವನ್ನು ಹಾಗೆ ಸರಿಪಡಿಸಲಾಗದು.

ಮೂಲ ಪತ್ರದಿಂದ ಈಗಿನ ಮಾಲೀಕರವರೆಗೆ ಒಂದು ಕೊಂಡಿಯೂ ಕಳಚದಂತೆ ದಾಖಲೆಗಳಿವೆಯೇ, ಕನಿಷ್ಠ 30 ವರ್ಷದ ಋಣಭಾರ ಪತ್ರದಲ್ಲಿ (ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ) ಅಡಮಾನವೋ ವಿಭಾಗವೋ ಕಾಣಿಸುತ್ತದೆಯೇ ಎಂಬುದನ್ನು ನಿಮ್ಮದೇ ವಕೀಲರಿಂದ ನೋಡಿಸಿ; ಮಾರುವವರು ಅಥವಾ ದಲ್ಲಾಳಿ ಸೂಚಿಸಿದ ವಕೀಲರಿಂದ ಬೇಡ. ರಿಂಗ್ ರಸ್ತೆಯ ಹೊರಗಿನ ಮನೆಯಾದರೆ ಆ ಜಮೀನಿಗೆ ಭೂಪರಿವರ್ತನೆ (ಕೃಷಿಯಿಂದ ವಸತಿ ಬಳಕೆಗೆ ಬದಲಾವಣೆ) ಆಗಿದೆಯೇ, ಬಡಾವಣೆಯ ನಕ್ಷೆಗೆ ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆ ಇದೆಯೇ, ಅದು ಮಹಾನಗರ ಪಾಲಿಕೆಗೆ ಸೇರಿದೆಯೋ, ಪಟ್ಟಣ ಪಂಚಾಯಿತಿಗೋ, ಗ್ರಾಮ ಪಂಚಾಯಿತಿಗೋ ಎಂಬುದನ್ನು ತಿಳಿಯಿರಿ. ನಗರದ ಅಂಚಿನ ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ ಮತ್ತು ಕಡಕೊಳ ಪಟ್ಟಣ ಪಂಚಾಯಿತಿಗಳಾದದ್ದು ಇತ್ತೀಚಿನ ವರ್ಷಗಳಲ್ಲಿ. ಹೂಟಗಳ್ಳಿ ನಗರಸಭೆಯಾದದ್ದೂ ಇತ್ತೀಚೆಗೆ. ಖಾತೆ 'ಎ'ಯೋ (ನಿಯಮಬದ್ಧ ಆಸ್ತಿಯದು) 'ಬಿ'ಯೋ (ಅನುಮೋದನೆಯ ಕೊರತೆ ಇರುವ ಆಸ್ತಿಯದು) ಎಂದು ಕೇಳಿ ತಿಳಿದರೆ ಸಾಲದು, ಇ-ಖಾತೆಯ ಪ್ರತಿಯನ್ನು ಕೈಯಲ್ಲಿ ಹಿಡಿದು ಅಳತೆ ಮತ್ತು ಚಕ್ಕುಬಂದಿಗಳನ್ನು (ನಾಲ್ಕು ದಿಕ್ಕಿನ ಗಡಿಗಳನ್ನು) ಕ್ರಯಪತ್ರದೊಂದಿಗೆ ಹೋಲಿಸಬೇಕು.

ಹಣದ ವಿಷಯದಲ್ಲಿ ಒಂದು ಎಚ್ಚರಿಕೆ: 80 ಲಕ್ಷ ಎನ್ನುವುದು ನಿಮ್ಮ ಒಟ್ಟು ಶಕ್ತಿಯೋ, ಮನೆಯ ಬೆಲೆಯೋ? ಸಾಲದ ಮೊತ್ತ 30 ಲಕ್ಷ ಮೀರಿ 75 ಲಕ್ಷದೊಳಗಿದ್ದರೆ ಬ್ಯಾಂಕು ಮನೆಯ ಮೌಲ್ಯದ ಶೇ. 80ರವರೆಗೆ ಮಾತ್ರ ಕೊಡಬಹುದು, ಮುದ್ರಾಂಕ ಮತ್ತು ನೋಂದಣಿಯ ವೆಚ್ಚವನ್ನು ಆ ಮೌಲ್ಯದಲ್ಲಿ ಸೇರಿಸುವುದಿಲ್ಲ. ನಗರ ಪ್ರದೇಶದಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ. 5, ಸೆಸ್ ಮತ್ತು ಸರ್ಚಾರ್ಜ್ ಸೇರಿ ಶೇ. 5.6 ಆಗುತ್ತದೆ. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೆ ಏರಿಸಿದ್ದಾರೆ. ಒಟ್ಟು ಶೇ. 7.6, ಅಂದರೆ 80 ಲಕ್ಷಕ್ಕೆ 6,08,000 ರೂಪಾಯಿ. ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಶೇ. 1ರಷ್ಟು ತೆರಿಗೆಯನ್ನು ಮಾರುವವರಿಗೆ ಕೊಡುವ ಹಣದಲ್ಲಿ ಹಿಡಿದು ನೀವೇ ಕಟ್ಟಬೇಕು. 50 ಲಕ್ಷ ಸಾಲಕ್ಕೆ ಶೇ. 8.5 ಬಡ್ಡಿಯಲ್ಲಿ 20 ವರ್ಷಕ್ಕೆ ಮಾಸಿಕ ಕಂತು ಸುಮಾರು 43,400 ರೂಪಾಯಿ. ಈ ಕಂತು ಕಟ್ಟಿದ ಮೇಲೆ ಮಗಳ ಕಾಲೇಜಿಗೆ ಎಷ್ಟು ಉಳಿಯುತ್ತದೆ ಎಂಬುದನ್ನು ಮುಂಗಡ ಕೊಡುವ ಮೊದಲೇ ಬರೆದು ನೋಡಿ.

ರಿಂಗ್ ರಸ್ತೆಯ ಹೊರಗಿನ ಬಡಾವಣೆಯ ನಿವಾಸಿ

ನಾನು ನೀರಿನ ಬಗ್ಗೆ ಮಾತ್ರ ಬರೆಯುತ್ತೇನೆ. ಕಾವೇರಿಯೂ ಕಬಿನಿಯೂ ಇರುವ ಮೈಸೂರಿನಲ್ಲಿ ನೀರಿಗೇನು ಕೊರತೆ ಎಂದುಕೊಂಡು ಮನೆ ಕೊಂಡವನು ನಾನು. ನಮ್ಮ ಬಡಾವಣೆ ಮಾಡಿದವರು ನದಿ ನೀರು ಇನ್ನೇನು ಬಂದೇಬಿಡುತ್ತದೆ ಎಂದು ಹೇಳಿದ್ದರು. ಆರು ವರ್ಷವಾದರೂ ನಮಗೆ ಬರುತ್ತಿರುವುದು ಬೋರ್‌ವೆಲ್ ನೀರೇ. ಗಡಸು ನೀರಾದ್ದರಿಂದ ಬೇಳೆ ಬೇಯಲು ಹೊತ್ತು ಹಿಡಿಯುತ್ತದೆ, ನಲ್ಲಿಗಳ ಮೇಲೆ ಬಿಳಿ ಕಲೆ ಕೂರುತ್ತದೆ, ಗೀಸರಿನ ಒಳಗೆ ಸುಣ್ಣ ಕಟ್ಟುತ್ತದೆ. ಬೇಸಿಗೆಯಲ್ಲಿ ಬೋರ್‌ವೆಲ್ ಸೋತರೆ ಟ್ಯಾಂಕರ್ ತರಿಸಬೇಕು.

ಮನೆ ತೋರಿಸಲು ಬಂದವರನ್ನು ಕೇಳಬೇಡಿ, ಪಕ್ಕದ ಬೀದಿಯ ಮೂರು ಮನೆಗಳಲ್ಲಿ ಕೇಳಿ: ಯಾವ ನೀರು, ವಾರಕ್ಕೆ ಎಷ್ಟು ದಿನ, ಎಷ್ಟು ಹೊತ್ತಿಗೆ ಬರುತ್ತದೆ? ಸಂಪಿನ ಅಳತೆಯನ್ನೂ ಕೇಳಿ. ನಗರಗಳಲ್ಲಿ ತಲಾ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರಿ ಲೆಕ್ಕ. ನಿಮ್ಮ ಐವರಿಗೆ 675 ಲೀಟರ್ ಆಗುತ್ತದೆ. 6,000 ಲೀಟರಿನ ಸಂಪು ತುಂಬಿದ್ದರೆ ಎಂಟೊಂಬತ್ತು ದಿನ ಧೈರ್ಯವಾಗಿರಬಹುದು, 2,000 ಲೀಟರಿನದಾದರೆ ಮೂರನೆಯ ದಿನಕ್ಕೆ ಮುಗಿಯಿತು. ತಾರಸಿಯ ಮಳೆನೀರನ್ನು ಹಿಡಿಯುವ ಏರ್ಪಾಡಿದ್ದರೆ ಅದಕ್ಕೆ ಹೆಚ್ಚು ಬೆಲೆ ಕೊಡಿ. 100 ಚದರ ಮೀಟರ್ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಸುರಿದರೆ 1,000 ಲೀಟರ್ ನೀರು. ಒಳಚರಂಡಿ ಎಲ್ಲಿಗೆ ಹೋಗಿ ಸೇರುತ್ತದೆ ಎಂಬುದನ್ನೂ ಮರೆಯದೆ ವಿಚಾರಿಸಿ. ಪೈಪು ಹಾಕಿರುವುದು ಬೇರೆ, ಅದು ಮುಖ್ಯ ಕೊಳವೆಗೆ ಸೇರಿರುವುದು ಬೇರೆ.

ಕೃಷ್ಣಮೂರ್ತಿಪುರಂನಿಂದ

ಹಳೆಯ ಮನೆ ಎಂಬ ಕಾರಣಕ್ಕೆ ಕುವೆಂಪುನಗರದ್ದನ್ನು ಕೈಬಿಡಬೇಡಿ. ಹಳೆಯದೆಂದ ಮಾತ್ರಕ್ಕೆ ಗಟ್ಟಿ ಎಂದೂ ನಂಬಬೇಡಿ. ನಾನು ಹುಟ್ಟಿ ಬೆಳೆದದ್ದೇ ಹಳೆಯ ಮನೆಯಲ್ಲಿ. ತಾರಸಿಯ ಒಳಮೈಯಲ್ಲಿ ಸಿಮೆಂಟು ಉದುರಿ ತುಕ್ಕು ಹಿಡಿದ ಕಂಬಿ ಕಾಣುತ್ತಿದ್ದರೆ ಅದು ಸುಣ್ಣ ಬಳಿದು ಮುಚ್ಚುವ ವಿಷಯವಲ್ಲ. ಗೋಡೆಯ ಬುಡದಲ್ಲಿ ತೇವ ಏರಿದೆಯೇ, ಬಿರುಕು ಗಾರೆಯಲ್ಲಿ ಮಾತ್ರವೋ ಇಟ್ಟಿಗೆಯವರೆಗೂ ಹೋಗಿದೆಯೋ, ವಿದ್ಯುತ್ ತಂತಿ ಎಷ್ಟು ಹಳೆಯದು, ಅರ್ಥಿಂಗ್ ಕೆಲಸ ಮಾಡುತ್ತಿದೆಯೇ, ಕಬ್ಬಿಣದ ನೀರಿನ ಕೊಳವೆಗಳೇ ಇನ್ನೂ ಇವೆಯೇ ಎಂಬುದನ್ನೆಲ್ಲ ಎಂಜಿನಿಯರರಿಂದ ನೋಡಿಸಿ, ದುರಸ್ತಿಯ ಅಂದಾಜನ್ನು ಬೆಲೆಗೆ ಸೇರಿಸಿ ಹೋಲಿಸಿ. ಹೊಸದಾಗಿ ಬಣ್ಣ ಬಳಿದ ಮನೆಯಲ್ಲಿ ಇವು ಕಾಣುವುದಿಲ್ಲ. ಅಕ್ಟೋಬರಿನ ಒಂದು ಜೋರು ಮಳೆ ಬಂದ ಮರುದಿನ ಹೋಗಿ. ಬೀದಿಯಲ್ಲಿ ನೀರು ಯಾವ ಕಡೆಗೆ ಹರಿಯಿತು, ಎಲ್ಲಿ ನಿಂತಿತು ಎಂಬುದೂ ತಿಳಿಯುತ್ತದೆ.

ಸಲಹೆ ಕೇಳಿದವರು: ಸರಸ್ವತೀಪುರಂ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ದಟ್ಟಗಳ್ಳಿಯ ಅಕ್ಕ ಹೇಳಿದಂತೆ ಟೇಪು ಹಿಡಿದು, ಅತ್ತೆಯವರನ್ನೂ ಕರೆದುಕೊಂಡು ಎರಡೂ ಮನೆಗಳಿಗೆ ಮತ್ತೆ ಹೋಗಿಬಂದೆವು.

ಡ್ಯೂಪ್ಲೆಕ್ಸಿನ ಕೆಳಗಿನ ಕೋಣೆ ಸಾಕಷ್ಟು ದೊಡ್ಡದಿದೆ, ಬಚ್ಚಲೂ ಅದಕ್ಕೇ ಸೇರಿದೆ. ಆದರೆ ಪಾಯ ಎರಡೂಕಾಲು ಅಡಿ ಎತ್ತರ, ನೀರು ಬೋರ್‌ವೆಲ್‌ನದು, ಮತ್ತು ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಅತ್ತೆಯವರು ನಡೆದು ತಲುಪಬಹುದಾದ ಅಂಗಡಿಯಾಗಲಿ ದೇವಸ್ಥಾನವಾಗಲಿ ಹತ್ತಿರದಲ್ಲಿಲ್ಲ. ಕುವೆಂಪುನಗರದಲ್ಲಿ ಅವರನ್ನು ಜಗಲಿಯ ಮೇಲೆ ಕೂರಿಸಿ ನಾವು ಒಳಗೆ ಅಳೆಯುತ್ತಿದ್ದೆವು. ಹೊರಗೆ ಬಂದು ನೋಡಿದರೆ ಎದುರುಮನೆಯ ಹಿರಿಯರೊಬ್ಬರೊಂದಿಗೆ ಮಾತಿಗಿಳಿದು, ಹಾಲು ಎಷ್ಟು ಗಂಟೆಗೆ ಬರುತ್ತದೆ, ನಲ್ಲಿಯಲ್ಲಿ ನೀರು ಯಾವಾಗ ಬಿಡುತ್ತಾರೆ ಎಂಬುದನ್ನೆಲ್ಲ ನಮಗಿಂತ ಮೊದಲೇ ತಿಳಿದುಕೊಂಡಿದ್ದರು.

ಮಗಳಿಗೆ ಮಾತ್ರ ಬೇಸರವಾಗಿದೆ. ಎರಡೇ ಕೋಣೆಯ ಮನೆಯಲ್ಲಿ ಅಜ್ಜಿಯೊಂದಿಗೆ ಇರಬೇಕಾದರೆ ಹತ್ತನೆಯ ತರಗತಿಗೆ ರಾತ್ರಿ ದೀಪ ಹಾಕಿಕೊಂಡು ಓದುವುದು ಹೇಗೆ ಎಂದು ಕೇಳಿದಳು. ಅವಳ ಮಾತಿನಲ್ಲಿ ನ್ಯಾಯವಿದೆ. ಯಾರು ಎಷ್ಟು ಹೊತ್ತು ಎಲ್ಲಿ ಇರುತ್ತಾರೆ ಎಂದು ಬರೆದ ಹಾಳೆಯಲ್ಲಿ ಅವಳ ರಾತ್ರಿಯ ಮೂರು ಗಂಟೆಗಳೂ ಇವೆ. ಮೇಲೆ ಒಂದು ಕೋಣೆ ಕಟ್ಟಿಸಲು ಸಾಧ್ಯವೇ ಎಂಬುದು ಪಾಯ ಅದರ ಭಾರವನ್ನು ಹೊರುತ್ತದೆಯೇ, ಅನುಮತಿ ಸಿಗುತ್ತದೆಯೇ, 80 ಲಕ್ಷದೊಳಗೆ ಅದಕ್ಕೆ ಹಣ ಉಳಿಯುತ್ತದೆಯೇ ಎಂಬುದನ್ನು ಅವಲಂಬಿಸಿದೆ. ಹಳೆಯ ಅನುಮೋದಿತ ನಕ್ಷೆಯನ್ನು ಹುಡುಕಿ ಕೊಡುವುದಾಗಿ ಮಾಲೀಕರು ಒಪ್ಪಿದ್ದಾರೆ. ಋಣಭಾರ ಪತ್ರಕ್ಕೆ ಅರ್ಜಿ ಹಾಕಿದ್ದೇವೆ. ಎರಡೂ ಕೈಗೆ ಬಂದ ಮೇಲೆ ಎಂಜಿನಿಯರರನ್ನು ಕರೆದುಕೊಂಡು ಹೋಗುತ್ತೇವೆ. ಅಲ್ಲಿಯವರೆಗೆ ಎರಡು ಮನೆಯವರಲ್ಲಿ ಯಾರಿಗೂ ಮುಂಗಡ ಕೊಡುವುದಿಲ್ಲ.