ಅಪ್‌ಡೇಟ್: ಮಲ್ಪೆಯ ಗ್ಯಾರೇಜಿನಲ್ಲಿ ತುಕ್ಕಿನ ಕಾಟ, ಕೊನೆಗೆ ಕೆಲಸಕ್ಕೆ ಬಂದದ್ದು ಇದು

ಮಲ್ಪೆ ಹತ್ತಿರದ ನಮ್ಮ ಮನೆಯ ಗ್ಯಾರೇಜನ್ನು ಮರಗೆಲಸದ ವರ್ಕ್‌ಶಾಪ್ ಮಾಡುತ್ತಿದ್ದೇನೆ, ಮಳೆಗಾಲದಲ್ಲಿ ಉಳಿ, ಗರಗಸಕ್ಕೆಲ್ಲ ತುಕ್ಕು ಹಿಡಿಯುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೆ. ಈಗ ಹತೋಟಿಗೆ ಬಂದಿದೆ.

ಗೆದ್ದದ್ದು ಬಲ್ಬಿನ ಐಡಿಯಾ. ಹಳೇ ಕಬ್ಬಿಣದ ಕಪಾಟಿನ ತಳದಲ್ಲಿ 40 ವ್ಯಾಟಿನ ತಂತಿ ಬಲ್ಬು ಹಾಕಿ, ಮೇಲೆ ಜಾಲರಿ ಕೂರಿಸಿದೆ. ಒಳಗೆ ಸ್ವಲ್ಪ ಬೆಚ್ಚಗಿದ್ದರೆ ಸಾಕು, ತೇವ ಲೋಹದ ಮೇಲೆ ಕೂರುವುದಿಲ್ಲ. ಎಲ್‌ಇಡಿ ಹಾಕಿದರೆ ಆಗದು, ಅದು ಅಷ್ಟು ಬಿಸಿ ಕೊಡುವುದಿಲ್ಲ ಅಲ್ವಾ. ಎಣ್ಣೆ ಬಟ್ಟೆ ಮಾತ್ರ ಆ ಕಪಾಟಿನಲ್ಲಿ ಇಡಬೇಡಿ, ಬೆಂಕಿ ಹತ್ತೀತು.

ತೇವ ಹೀರುವ ಸಿಲಿಕಾ ಜೆಲ್ ಮಣಿ ತೆರೆದ ಶೆಲ್ಫಿನಲ್ಲಿ ಸುಮ್ನೆ ದಂಡ. ನೀಲಿ ಮಣಿಗಳು ನೋಡನೋಡುತ್ತಲೇ ತೇವ ತುಂಬಿ ಗುಲಾಬಿ ಆದವು. ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಡ್ರಿಲ್ ಬಿಟ್ ಜೊತೆ ಇಟ್ಟರೆ ಚೆನ್ನಾಗಿದೆ. ತೆಂಗಿನೆಣ್ಣೆ ಹಚ್ಚಿದ ಗರಗಸಕ್ಕೆ ಮರದ ಹುಡಿ ಮೆತ್ತಿಕೊಂಡು ರಗಳೆ ಆಯ್ತು. ತೆಳುವಾಗಿ ಹೊಲಿಗೆ ಮೆಷಿನ್ ಎಣ್ಣೆ ಒರೆಸುವುದೇ ವಾಸಿ.

ಗೊತ್ತೇ ಇಲ್ಲದ ಸಂಗತಿ ಒಂದು ಸಿಕ್ಕಿತು. ಪಡುವಣ ಗೋಡೆಗೆ ನೇತುಹಾಕಿದ ಸಾಮಾನಿಗೆ ಬೆನ್ನ ಕಡೆಯೇ ತುಕ್ಕು ಜಾಸ್ತಿ! ಗಾರೆ ಇಲ್ಲದ ಮುರಕಲ್ಲಿನ (ಜಂಬಿಟ್ಟಿಗೆ) ಗೋಡೆ ಮಳೆನೀರು ಕುಡಿದು ಒಳಗೂ ಒದ್ದೆ ಇರುತ್ತದೆ. ಈಗ ಮರದ ಪಟ್ಟಿ ಬಡಿದು, ಗೋಡೆಯಿಂದ ಎರಡು ಬೆರಳು ಬಿಟ್ಟು ನೀರು ತಡೆಯುವ ಮರೈನ್ ಪ್ಲೈವುಡ್ (ಅದರ ಭಾರತೀಯ ಮಾನಕದ ಗುರುತು ಐಎಸ್ 710) ನಿಲ್ಲಿಸಿದ್ದೇನೆ. ದುಬಾರಿ, ಆದರೆ ಇಲ್ಲಿ ಮಾಮೂಲಿ ಪ್ಲೈ ಊದಿಕೊಳ್ಳುತ್ತದೆ.

30 ಮಿಲಿಆಂಪ್‌ನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್ಚು, ಹಾಕಿಸಿ ಅಂದವರ ಮಾತನ್ನೂ ಕೇಳಿದೆ. ಒದ್ದೆ ನೆಲದಲ್ಲಿ ಡ್ರಿಲ್ ಹಿಡಿಯುವವರು ಅದನ್ನೇ ಮೊದಲು ಮಾಡಿಸಿ.